ಊಹೆಯ ಆಟಗಳೂ ಮಕ್ಕಳ ಕಲಿಕೆಯೂ



ಮುಚ್ಚಿದ ಮುಷ್ಟಿಯನ್ನು ಮುಂದೆ ಚಾಚಿ, ‘ಇದರೊಳಗೆ ಎಷ್ಟಿದೆ, ಹೇಳು ನೋಡೋಣ’ ಎಂದು ಕೇಳಿದರೆ ಸುಮ್ಮನಿರುವ ಮಗುವನ್ನು ನಾವು ಇದುವರೆಗೆ ಕಂಡಿಲ್ಲ. ‘ಏಳೆಂಟಲಿ ಎಷ್ಟು?’ ಎಂದು ಕೇಳಿದಾಗ ತಲೆ ತಗ್ಗಿಸಿ ನೆಲವನ್ನು ನೋಡುವ ಹುಡುಗನೇ ಮುಷ್ಟಿಯನ್ನು ಕಂಡೊಡನೆ ಕಣ್ಣರಳಿಸಿ, ‘ಐದು! ಅಲ್ಲ, ಆರು!’ ಎಂದು ಕೂಗುತ್ತಾನೆ. ಎರಡೂ ಪ್ರಶ್ನೆಗಳೇ, ಎರಡಕ್ಕೂ ಸಂಖ್ಯೆಯೇ ಉತ್ತರ. ಆದರೂ ಒಂದಕ್ಕೆ ಮೌನ, ಇನ್ನೊಂದಕ್ಕೆ ಉತ್ಸಾಹ. ಇದಕ್ಕೆ ಕಾರಣವೇನು? ಪಾಠದ ಪ್ರಶ್ನೆಗೆ ತಪ್ಪು ಹೇಳಿದರೆ ಅವಮಾನವೆಂದು ಮಗು ತಿಳಿದಿದೆ. ಊಹೆಯಲ್ಲಿ ತಪ್ಪುವುದು ಸಹಜವೆಂದೂ, ಅದಕ್ಕಾಗಿ ಯಾರೂ ಗದರಿಸುವುದಿಲ್ಲವೆಂದೂ ಅದಕ್ಕೆ ಗೊತ್ತು. ತಪ್ಪುವ ಭಯವಿಲ್ಲದ ಕಡೆ ಬುದ್ಧಿಯು ತಾನಾಗಿಯೇ ಮುಂದೆ ಬರುತ್ತದೆ.

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1956ರ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿದ ಈ ನಾಡಿನಲ್ಲಿ ಒಂದೇ ತರಗತಿಯ ಬೆಂಚಿನ ಮೇಲೆ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಮೊದಲಾದ ಮನೆಮಾತುಗಳ ಮಕ್ಕಳು ಒತ್ತೊತ್ತಾಗಿ ಕುಳಿತಿರುತ್ತಾರೆ. ಪುಸ್ತಕದ ಕನ್ನಡವು ಅವರಲ್ಲಿ ಹಲವರಿಗೆ ಶಾಲೆಯಲ್ಲಿಯೇ ಮೊದಲು ಪರಿಚಯವಾಗುವ ಮಾತು. ಅಂಥ ಮಗುವಿಗೆ ಭಯವು ಎರಡು ಬಗೆಯದು. ಉತ್ತರ ತಪ್ಪೀತೆಂಬುದು ಒಂದು. ಉತ್ತರ ಸರಿಯಾಗಿದ್ದರೂ ಹೇಳುವ ಶಬ್ದ ತಪ್ಪೀತೆಂಬುದು ಇನ್ನೊಂದು. ಬಾಯಿ ತೆರೆಯದ ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ಅರಿಯಲು ಉಪಾಧ್ಯಾಯನಿಗೆ ದಾರಿಯೇ ಇರುವುದಿಲ್ಲ. ಆದುದರಿಂದ ಮಗುವನ್ನು ಮಾತಿಗೆಳೆಯುವ ಸುಲಭ ಸಾಧನವೊಂದು ನಮಗೆ ಬೇಕು. ಊಹೆಯ ಆಟವು ಅಂಥ ಸಾಧನ. ಅದರ ಜೊತೆಗೆ ನಾಲ್ಕು ನೆಲಗಡಲೆಯೋ ಒಂದು ತುಂಡು ಬೆಲ್ಲವೋ ಇದ್ದರೆ ಸೊಗಸು ಹೆಚ್ಚು. ಆದರೆ ಆ ತಿನಿಸನ್ನು ಕೊಡುವ ಕ್ರಮದಲ್ಲಿಯೇ ಗುಣವೂ ದೋಷವೂ ಅಡಗಿವೆ. ನಾವು ಆ ವಿಷಯದಲ್ಲಿ ಒಮ್ಮೆ ಎಡವಿದವರು. ಆಟಗಳನ್ನು ಮೊದಲು ವಿವರಿಸಿ, ಎಡವಿದ ಕಥೆಯನ್ನು ಬಳಿಕ ಹೇಳುತ್ತೇವೆ.

ಊಹೆಯಿಂದ ಕಲಿಕೆ ಹೇಗೆ?

ಊಹೆಯೆಂದರೆ ಬಾಯಿಗೆ ಬಂದುದನ್ನು ಆಡುವುದೆಂದು ಕೆಲವರು ತಿಳಿದಿರುವರು. ಹಾಗಲ್ಲ. ತಿಳಿದಿರುವುದನ್ನು ಆಧಾರವಾಗಿಟ್ಟುಕೊಂಡು ತಿಳಿಯದುದರ ಕಡೆಗೆ ಒಂದು ಹೆಜ್ಜೆ ಇಡುವುದೇ ಊಹೆ. ಮೋಡವನ್ನು ನೋಡಿ ಮಳೆಯನ್ನು, ಹೂವನ್ನು ನೋಡಿ ಫಸಲನ್ನು ರೈತನು ಊಹಿಸುತ್ತಾನೆ. ನಾಡಿ ಹಿಡಿದು ನೋಡಿ ವೈದ್ಯನು ರೋಗವನ್ನು ಊಹಿಸುತ್ತಾನೆ. ಊಹಿಸಿದ ಮೇಲೆ ನಿಜವನ್ನು ಪರೀಕ್ಷಿಸಿ ನೋಡುವವನು ಕಲಿಯುತ್ತಾನೆ. ಪರೀಕ್ಷಿಸದವನು ಇದ್ದಲ್ಲೇ ಇರುತ್ತಾನೆ.

ಉತ್ತರವನ್ನು ಕೇಳುವ ಮೊದಲು ತಾನೇ ಒಂದು ಉತ್ತರವನ್ನು ಊಹಿಸಿದವನಿಗೆ, ಆ ಊಹೆ ತಪ್ಪಾಗಿದ್ದರೂ, ನಿಜವಾದ ಉತ್ತರವು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಮೆರಿಕದ ಕಾರ್ನೆಲ್, ಹೇಸ್, ಬ್ಯೋರ್ಕ್ ಎಂಬ ಮೂವರು ವಿದ್ವಾಂಸರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸುತ್ತವೆ. ಜೋಡಿ ಶಬ್ದಗಳನ್ನು ಸುಮ್ಮನೆ ಓದಿದವುಗಳಿಗಿಂತ, ಮೊದಲು ಊಹಿಸಿ, ತಪ್ಪಿ, ಆಮೇಲೆ ಸರಿಯಾದುದನ್ನು ಕಂಡ ಶಬ್ದಗಳೇ ಓದುಗರಲ್ಲಿ ಹೆಚ್ಚು ಉಳಿದವು. ತಪ್ಪಿದ ಮೇಲೆ ಸರಿಯುತ್ತರವನ್ನು ಅವರಿಗೆ ತೋರಿಸಲಾಗಿತ್ತು ಎಂಬುದನ್ನು ಮರೆಯಬಾರದು. ತಪ್ಪನ್ನು ತಪ್ಪಾಗಿಯೇ ಬಿಟ್ಟರೆ ಅದು ಬೇರೂರುತ್ತದೆ.

ಇನ್ನು ಆಟಗಳು.

1. ಸರಿಯೋ ಬೆಸವೋ

ಇದು ನಮ್ಮ ಹಿರಿಯರ ಆಟ. ಒಬ್ಬನು ಕೆಲವು ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಅಡಗಿಸಿಕೊಳ್ಳುತ್ತಾನೆ. ಇನ್ನೊಬ್ಬನು ‘ಸರಿ’ ಎಂದೋ ‘ಬೆಸ’ ಎಂದೋ ಹೇಳಬೇಕು. ಮುಷ್ಟಿಯನ್ನು ಬಿಚ್ಚಿ ಎರಡೆರಡಾಗಿ ಜೋಡಿಸುತ್ತಾರೆ. ಒಂದು ಉಳಿದರೆ ಬೆಸ, ಉಳಿಯದಿದ್ದರೆ ಸರಿ. ಒಂದನೆಯ ತರಗತಿಯ ಮಗುವಿಗೆ ಎಣಿಕೆ ಕಲಿಸಲು ಇಷ್ಟು ಸಾಕು.

ನಾಲ್ಕನೆಯ ತರಗತಿಗೆ ಬಂದ ಮೇಲೆ ಆಟವನ್ನು ಸ್ವಲ್ಪ ಬೆಳೆಸಬಹುದು. ಇಬ್ಬರು ಮುಷ್ಟಿ ಹಿಡಿಯಲಿ. ಎರಡು ಮುಷ್ಟಿಗಳ ಬೀಜಗಳು ಕೂಡಿದರೆ ಸರಿಯೋ ಬೆಸವೋ ಎಂಬುದನ್ನು ಉಳಿದವರು ಹೇಳಲಿ. ಪ್ರತಿ ಸಲದ ಫಲವನ್ನು ಕರಿಹಲಗೆಯ ಮೇಲೆ ಬರೆಯುತ್ತ ಹೋದರೆ, ಇಪ್ಪತ್ತು ಸಲ ಆಡುವುದರೊಳಗೆ ಯಾವನಾದರೊಬ್ಬ ಹುಡುಗನು ಎದ್ದು ನಿಂತು, ‘ಬೆಸಕ್ಕೆ ಬೆಸ ಕೂಡಿದರೆ ಯಾವಾಗಲೂ ಸರಿಯೇ ಬರುತ್ತದೆ’ ಎನ್ನುತ್ತಾನೆ. ಆಗ ಉಪಾಧ್ಯಾಯನು ‘ಹೌದು’ ಎಂದು ಮುಗಿಸದೆ, ‘ಏಕೆ?’ ಎಂದು ಕೇಳಬೇಕು. ಬೀಜಗಳನ್ನು ಜೋಡಿಸಿದರೆ ಕಾರಣವು ಕಣ್ಣಿಗೇ ಕಾಣುತ್ತದೆ. ಒಂದು ಮುಷ್ಟಿಯಲ್ಲಿ ಒಂಟಿಯಾಗಿ ಉಳಿದ ಬೀಜಕ್ಕೆ ಇನ್ನೊಂದು ಮುಷ್ಟಿಯ ಒಂಟಿ ಬೀಜವು ಜೋಡಿಯಾಗುತ್ತದೆ. ಮಗು ಇಲ್ಲಿ ಕಂಡುಕೊಂಡದ್ದು ಗಣಿತದ ಒಂದು ಪ್ರಮೇಯವನ್ನು. ಅದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿ ಬರಲಿಲ್ಲ.

2. ಮನಸ್ಸಿನೊಳಗಿನ ಸಂಖ್ಯೆ

ಒಬ್ಬನು 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ನೆನೆಯಲಿ. ಉಳಿದವರು ‘ಹೌದು’, ‘ಅಲ್ಲ’ ಎಂಬ ಉತ್ತರ ಬರುವಂಥ ಪ್ರಶ್ನೆಗಳಿಂದ ಅದನ್ನು ಕಂಡುಹಿಡಿಯಬೇಕು. ಮೊದಲ ದಿನ ಮಕ್ಕಳು, ‘ಹದಿನೇಳೇ? ನಲವತ್ತೇ? ತೊಂಬತ್ತೊಂದೇ?’ ಎಂದು ಕತ್ತಲೆಯಲ್ಲಿ ತಡವರಿಸುತ್ತಾರೆ. ಎರಡು ಮೂರು ದಿನ ಆಡಿದ ಮೇಲೆ ‘50ಕ್ಕಿಂತ ಹೆಚ್ಚೇ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಅದು ಹುಟ್ಟಿದ ದಿನ ತರಗತಿಗೆ ಹಬ್ಬವೆಂದು ತಿಳಿಯಬೇಕು.

ನೆನೆದ ಸಂಖ್ಯೆ 37 ಎಂದಿಟ್ಟುಕೊಳ್ಳೋಣ. 50ಕ್ಕಿಂತ ಹೆಚ್ಚೇ? ಅಲ್ಲ. 25ಕ್ಕಿಂತ ಹೆಚ್ಚೇ? ಹೌದು. 38ಕ್ಕಿಂತ ಹೆಚ್ಚೇ? ಅಲ್ಲ. 32ಕ್ಕಿಂತ ಹೆಚ್ಚೇ? ಹೌದು. 35ಕ್ಕಿಂತ ಹೆಚ್ಚೇ? ಹೌದು. 37ಕ್ಕಿಂತ ಹೆಚ್ಚೇ? ಅಲ್ಲ. 36ಕ್ಕಿಂತ ಹೆಚ್ಚೇ? ಹೌದು. ಉಳಿದದ್ದು 37 ಒಂದೇ. ಏಳು ಪ್ರಶ್ನೆಗಳಲ್ಲಿ ಸಂಖ್ಯೆ ಕೈಗೆ ಸಿಕ್ಕಿತು. 1ರಿಂದ 100ರೊಳಗೆ ಯಾವ ಸಂಖ್ಯೆಯಾದರೂ ಏಳಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ಏಕೆಂದರೆ ಪ್ರತಿ ಪ್ರಶ್ನೆಯೂ ಉಳಿದ ಸಂಖ್ಯೆಗಳನ್ನು ಅರ್ಧಕ್ಕೆ ಇಳಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ 2, 4, 8, 16, 32, 64, 128 ಎಂದು ಏಳನೆಯ ಹೆಜ್ಜೆಯಲ್ಲಿ ನೂರನ್ನು ದಾಟುತ್ತೇವೆ. ಹತ್ತನೆಯ ಹೆಜ್ಜೆಗೆ 1024 ಆಗುವುದರಿಂದ ಸಾವಿರ ಸಂಖ್ಯೆಗಳಿಗೆ ಹತ್ತೇ ಪ್ರಶ್ನೆ ಸಾಕು!

ನಿಘಂಟಿನಲ್ಲಿ ಶಬ್ದ ಹುಡುಕಲು ಮಕ್ಕಳು ಮೊದಲ ಪುಟದಿಂದ ತಿರುವುತ್ತ ಹೋಗುವುದನ್ನು ನಾವು ನೋಡಿದ್ದೇವೆ. ಈ ಆಟ ಬಲ್ಲ ಮಗು ಪುಸ್ತಕವನ್ನು ನಡುವೆ ತೆರೆದು, ತನಗೆ ಬೇಕಾದ ಅಕ್ಷರವು ಹಿಂದಿದೆಯೋ ಮುಂದಿದೆಯೋ ನೋಡಿ, ಮತ್ತೆ ಅರ್ಧ ಮಾಡುತ್ತದೆ. ಗಣಿತದ ಆಟವು ಹೀಗೆ ಕನ್ನಡದ ಪಾಠಕ್ಕೂ ನೆರವಾಗುತ್ತದೆ.

3. ಭರಣಿಯಲ್ಲಿ ಎಷ್ಟಿದೆ?

ಗಾಜಿನ ಭರಣಿಯೊಂದರಲ್ಲಿ ಸಿಪ್ಪೆ ಸಹಿತವಾದ ನೆಲಗಡಲೆಯನ್ನು ತುಂಬಿ ಮೇಜಿನ ಮೇಲಿಡಿರಿ. ಎಷ್ಟು ಕಾಯಿಗಳಿವೆಯೆಂದು ಪ್ರತಿಯೊಬ್ಬನೂ ಚೀಟಿಯಲ್ಲಿ ಬರೆಯಲಿ. ಒಬ್ಬರ ಚೀಟಿಯನ್ನು ಒಬ್ಬರು ನೋಡಬಾರದು. ಬಳಿಕ ಚೀಟಿಗಳನ್ನು ಚಿಕ್ಕ ಸಂಖ್ಯೆಯಿಂದ ದೊಡ್ಡ ಸಂಖ್ಯೆಯವರೆಗೆ ಸಾಲಾಗಿ ಜೋಡಿಸಿ, ನಟ್ಟನಡುವಿನ ಚೀಟಿಯನ್ನು ಎತ್ತಿಡಿರಿ. ಇನ್ನು ಎಣಿಸಿರಿ. ನಡುವಿನ ಚೀಟಿಯು ಹಲವು ಸಲ ನಿಜಕ್ಕೆ ಹತ್ತಿರವಾಗಿರುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ.

ಇಂಗ್ಲೆಂಡಿನ ಪ್ಲಿಮತ್ ಎಂಬಲ್ಲಿ 1906ರಲ್ಲಿ ನಡೆದ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನಿಂದ ಎಷ್ಟು ತೂಕದ ಮಾಂಸ ದೊರೆಯಬಹುದೆಂದು ಊಹಿಸುವ ಪಂದ್ಯವಿತ್ತು. ಸರ್ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ಆ ಚೀಟಿಗಳನ್ನು ತರಿಸಿಕೊಂಡು ಪರಿಶೀಲಿಸಿದನು. ಎಣಿಕೆಗೆ ಬಂದ 787 ಚೀಟಿಗಳ ನಟ್ಟನಡುವಿನ ಊಹೆ 1207 ಪೌಂಡು. ನಿಜವಾದ ತೂಕ 1198 ಪೌಂಡು. ನೂರಕ್ಕೆ ಒಂದರಷ್ಟೂ ಅಂತರವಿಲ್ಲ! 1907ರಲ್ಲಿ ಅವನು ಈ ಸಂಗತಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಹೆಚ್ಚು ಹೇಳಿದವರ ತಪ್ಪೂ ಕಡಿಮೆ ಹೇಳಿದವರ ತಪ್ಪೂ ಒಂದನ್ನೊಂದು ತೂಗಿದ್ದರಿಂದ ಹೀಗಾಯಿತು. ಆದರೆ ಒಬ್ಬನು ಕೂಗಿದ್ದನ್ನೇ ಉಳಿದವರೆಲ್ಲ ಬರೆದರೆ ಈ ತೂಕ ಉಳಿಯುವುದಿಲ್ಲ. ಚೀಟಿಯನ್ನು ಗುಟ್ಟಾಗಿ ಬರೆಯಬೇಕೆಂಬ ನಿಯಮಕ್ಕೆ ಇದೇ ಕಾರಣ. ತನ್ನ ತಪ್ಪೂ ತರಗತಿಗೆ ಉಪಯೋಗವಾಯಿತೆಂದು ತಿಳಿದ ಹುಡುಗನಿಗೆ ಎಷ್ಟು ಧೈರ್ಯ ಬರುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಎರಡನೆಯ ಸಲ ಆಡುವಾಗ ಲೆಕ್ಕದ ಉಪಾಯವನ್ನು ಹೇಳಿಕೊಡಬಹುದು. ಒಂದು ಲೋಟ ತುಂಬುವಷ್ಟು ಕಾಯಿಗಳನ್ನು ತೆಗೆದು ಎಣಿಸಲಿ. ಭರಣಿಗೆ ಎಷ್ಟು ಲೋಟ ಹಿಡಿಯುತ್ತದೆಂದು ನೋಡಲಿ. ಲೋಟಕ್ಕೆ 45 ಕಾಯಿ, ಭರಣಿಗೆ 8 ಲೋಟವಾದರೆ ಸುಮಾರು 360. ಸ್ವಲ್ಪವನ್ನು ಎಣಿಸಿ ಬಹಳವನ್ನು ತಿಳಿಯುವ ಈ ವಿದ್ಯೆ ನಮ್ಮ ದೇಶದಲ್ಲಿ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ನೆನೆಯಿರಿ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿ ವಿದರ್ಭಕ್ಕೆ ರಥ ನಡೆಸುತ್ತಿದ್ದಾಗ, ದಾರಿಯಲ್ಲಿ ತಾರೆಯ ಮರವೊಂದು ಕಂಡಿತು. ಋತುಪರ್ಣನು ಒಮ್ಮೆ ನೋಡಿ, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆ ಎಂದನು. ನಳನು ನಂಬಿಬಿಡಲಿಲ್ಲ. ರಥ ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡಿದನು. ಲೆಕ್ಕ ಸರಿಯಾಗಿತ್ತು. ಋತುಪರ್ಣನ ಊಹೆಯಂತೆ ನಳನ ಎಣಿಕೆಯೂ ನಮ್ಮ ಮಕ್ಕಳಿಗೆ ಆದರ್ಶ.

4. ಚೀಲದೊಳಗಿನ ವಸ್ತು

ಬಟ್ಟೆಯ ಚೀಲದಲ್ಲಿ ಒಂದು ವಸ್ತುವನ್ನಿಟ್ಟು ಬಾಯಿ ಕಟ್ಟಿರಿ. ಮಗು ಹೊರಗಿನಿಂದ ಮುಟ್ಟಿ ನೋಡಿ, ಹೆಸರನ್ನು ಹೇಳದೆ ಗುಣಗಳನ್ನು ಮಾತ್ರ ವರ್ಣಿಸಬೇಕು. ‘ಉರುಟಾಗಿದೆ’, ‘ಒರಟಾಗಿದೆ’, ‘ಒಂದು ತುದಿ ಚೂಪು’, ‘ಅಲ್ಲಾಡಿಸಿದರೆ ಸದ್ದಾಗುತ್ತದೆ’ ಎಂದು ಮಗು ಹೇಳಿದಂತೆ ಉಳಿದವರು ಊಹಿಸುತ್ತಾರೆ. ಗುಣವಾಚಕಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿಯದು.

ಈ ಆಟದಲ್ಲಿ ಮಗು ತನ್ನ ಮನೆಯ ಮಾತಿನ ಶಬ್ದವನ್ನು ಹೇಳಿದರೆ ತಡೆಯಬಾರದು. ಒಬ್ಬನು ‘ಪೆಲಕಾಯಿ’ ಎಂದಾನು, ಇನ್ನೊಬ್ಬಳು ‘ಚಕ್ಕ’ ಎಂದಾಳು, ಮತ್ತೊಬ್ಬನು ‘ಫಣಸ’ ಎಂದಾನು. ಮೂರನ್ನೂ ಕರಿಹಲಗೆಯ ಮೇಲೆ ಬರೆದು, ಅವುಗಳ ಪಕ್ಕದಲ್ಲಿ ‘ಹಲಸು’ ಎಂದು ಬರೆದರೆ ಎಲ್ಲರ ಮನೆಯೂ ಶಾಲೆಗೆ ಬಂದಂತಾಯಿತು. ಮನೆಯ ಶಬ್ದವನ್ನು ಕಳೆದುಕೊಳ್ಳದೆ ಶಾಲೆಯ ಶಬ್ದವನ್ನು ಗಳಿಸಿದ ಮಗು ಕನ್ನಡವನ್ನು ಪರರ ಸೊತ್ತೆಂದು ಎಣಿಸುವುದಿಲ್ಲ.

5. ಒಗಟು ಕಟ್ಟುವ ಆಟ

ಅಜ್ಜಿಯರು ಹೇಳುವ ಒಗಟುಗಳನ್ನು ಬಿಡಿಸುವುದು ಒಂದು ಮೆಟ್ಟಿಲು. ತಾವೇ ಒಗಟು ಕಟ್ಟುವುದು ಅದರ ಮೇಲಿನ ಮೆಟ್ಟಿಲು. ಐದನೆಯ ತರಗತಿಯ ಮಕ್ಕಳು ಗೇರುಹಣ್ಣನ್ನು ನೋಡಿ ಕಟ್ಟಿದ ಒಗಟು ಹೀಗಿತ್ತು: ‘ಎಲ್ಲರ ಬೀಜ ಮನೆಯೊಳಗೆ, ನನ್ನ ಬೀಜ ಬಾಗಿಲ ಹೊರಗೆ. ನಾನು ಯಾರು?’ ಎಲ್ಲರೂ ಉತ್ತರ ಹೇಳಿದರು. ಆಗ ನಾವು ಸಸ್ಯಶಾಸ್ತ್ರದ ಮಾತನ್ನು ತಂದೆವು. ನಾವು ಹಣ್ಣೆಂದು ತಿನ್ನುವ ರಸಭರಿತ ಭಾಗವು ನಿಜಕ್ಕೂ ಉಬ್ಬಿದ ತೊಟ್ಟು. ಕೆಳಗೆ ತೂಗುವ, ಗಟ್ಟಿ ಚಿಪ್ಪಿನ ಕಾಯಿಯೇ ಗೇರಿನ ನಿಜವಾದ ಫಲ. ಬೀಜವು ಆ ಚಿಪ್ಪಿನ ಒಳಗೇ ಇದೆ. ಒಗಟು ಕಟ್ಟಿದವರಿಗೇ ಒಗಟಾಯಿತು! ಗೇರುಮರವು ಬ್ರೆಜಿಲ್ ದೇಶದಿಂದ ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದದ್ದೆಂಬ ಚರಿತ್ರೆಯನ್ನೂ ಅಂದೇ ಹೇಳಿದೆವು. ಹಸಿ ಗೇರುಕಾಯಿಯ ಚಿಪ್ಪಿನ ಎಣ್ಣೆ ಚರ್ಮವನ್ನು ಸುಡುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು.

ನಾವು ಎಡವಿದ ಬಗೆ

ಇನ್ನು ತಿನಿಸಿನ ಮಾತು. ಹಲವು ವರ್ಷಗಳ ಹಿಂದೆ ನಾವು ಮೇಜಿನ ಮೇಲೆ ನೆಲಗಡಲೆ ಮಿಠಾಯಿಯ ಡಬ್ಬಿಯೊಂದನ್ನು ಇಟ್ಟೆವು. ‘ಸರಿಯಾಗಿ ಊಹಿಸಿದವರಿಗೆ ಒಂದು ಮಿಠಾಯಿ’ ಎಂದು ಸಾರಿದೆವು. ಮೊದಲ ವಾರ ತರಗತಿಯಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಜಾಣತನವನ್ನು ನಾವೇ ಮೆಚ್ಚಿಕೊಂಡೆವು. ಎರಡನೆಯ ವಾರ ಮಿಠಾಯಿಯು ನಾಲ್ಕೈದು ಮಕ್ಕಳ ಪಾಲಾಗತೊಡಗಿತು. ಮೂರನೆಯ ವಾರ, ಬಲ್ಲವನು ಬಾರದವನ ಕಿವಿಯಲ್ಲಿ ಉತ್ತರವನ್ನು ಉಸುರಿ ಅರ್ಧ ಮಿಠಾಯಿಯನ್ನು ಕೂಲಿಯಾಗಿ ಪಡೆಯುವ ವ್ಯಾಪಾರ ಹಿಂದಿನ ಬೆಂಚಿನಲ್ಲಿ ನಡೆಯುತ್ತಿರುವುದು ತಿಳಿಯಿತು. ನಾಲ್ಕನೆಯ ವಾರ ಡಬ್ಬಿ ಬರಿದಾಗಿತ್ತು. ಆ ದಿನ ಪ್ರಶ್ನೆ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ.

ಅದೇ ದಿನಗಳಲ್ಲಿ ಒಬ್ಬ ಅಜ್ಜಿ ಶಾಲೆಗೆ ಬಂದರು. ಜಗಲಿಯಲ್ಲಿ ನಿಂತು, ‘ಮಾಷ್ಟ್ರೇ, ನಮ್ಮ ಮಾಣಿಗೆ ಎಂತ ಕಲಿಸಿದ್ದೀರಿ ನೀವು? ದೇವರ ದೀಪಕ್ಕೆ ಎಣ್ಣೆ ಹಾಕು ಮಗಾ ಅಂದರೆ, ಎಂತ ಕೊಡುತ್ತೀ ಅಜ್ಜಿ ಅಂತ ಕೇಳುತ್ತಾನೆ’ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ನಮಗೆ ಉತ್ತರ ಹೊಳೆಯಲಿಲ್ಲ. ಮಗುವಿಗೆ ನಾವು ಲೆಕ್ಕವನ್ನು ಕಲಿಸಹೋಗಿ ಬೆಲೆ ಕಟ್ಟುವುದನ್ನು ಕಲಿಸಿದ್ದೆವು.

ಆಮೇಲೆ ಓದಿ ತಿಳಿದೆವು. ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಕೊನೆಗೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಕೊಡಲೇ ಇಲ್ಲ. ಒಂದೆರಡು ವಾರಗಳ ಬಳಿಕ ನೋಡಿದರೆ, ಬಹುಮಾನದ ಕರಾರಿನ ಮೇಲೆ ಚಿತ್ರ ಬಿಡಿಸಿದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನುಗಳನ್ನು ಮುಟ್ಟುತ್ತಿದ್ದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ದೋಷವು ಬಹುಮಾನದಲ್ಲಿ ಇರಲಿಲ್ಲ, ಕರಾರಿನಲ್ಲಿ ಇತ್ತು.

ಹಲಸಿನ ಹಣ್ಣಿನ ಪಾಠ

ಮರುವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಾವು ಡಬ್ಬಿಯನ್ನು ಕೈಬಿಟ್ಟು ಒಂದು ಹಲಸಿನ ಹಣ್ಣನ್ನು ತಂದೆವು. 2018ರಲ್ಲಿ ಕೇರಳ ಸರಕಾರವು ರಾಜ್ಯದ ಫಲವೆಂದು ಘೋಷಿಸಿದ ಹಣ್ಣು ಇದೇ. ‘ಇದರಲ್ಲಿ ಎಷ್ಟು ಸೊಳೆಗಳಿವೆ? ಚೀಟಿಯಲ್ಲಿ ಬರೆಯಿರಿ, ಹಾಗೆಂದು ನಿಮಗೆ ಏಕೆ ತೋರಿತೆಂಬುದನ್ನೂ ಬರೆಯಿರಿ’ ಎಂದೆವು. ಬಹುಮಾನದ ಮಾತನ್ನು ಎತ್ತಲಿಲ್ಲ. ಊಹೆಗಳು 40ರಿಂದ 500ರವರೆಗೆ ಹರಡಿದ್ದವು. ‘ಏಕೆ’ ಎಂಬಲ್ಲಿ ಹೆಚ್ಚಿನವರು ಏನೂ ಬರೆದಿರಲಿಲ್ಲ. ಕೆಲವರು ‘ದೊಡ್ಡ ಹಣ್ಣು, ಆದ್ದರಿಂದ’ ಎಂದಷ್ಟೇ ಬರೆದಿದ್ದರು.

ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಹಿಂದಿನ ವರ್ಷವಿಡೀ ಅವಳ ದನಿಯನ್ನು ನಾವು ಹಾಜರಿ ಕರೆಯುವಾಗ ಮಾತ್ರ ಕೇಳಿದ್ದೆವು. ಅವಳ ಚೀಟಿಯಲ್ಲಿ ‘90’ ಎಂದಿತ್ತು. ಕೆಳಗೆ ಏನೂ ಇರಲಿಲ್ಲ. ‘ಏಕಮ್ಮಾ, ಇಷ್ಟು ಕಡಿಮೆ?’ ಎಂದು ಕೇಳಿದೆವು. ಅವಳು ಎದ್ದು ಬಂದು, ಹಣ್ಣಿನ ಒಂದು ಬದಿಯನ್ನು ಬೆರಳಿನಿಂದ ತೋರಿಸಿ ತುಳುವಿನಲ್ಲಿ ಏನನ್ನೋ ಹೇಳಿದಳು. ಹಣ್ಣು ಆ ಬದಿಯಲ್ಲಿ ತಗ್ಗಾಗಿದೆ, ಹೀಗೆ ತಗ್ಗಾದ ಕಡೆ ಒಳಗೆ ಸೊಳೆಯಿರುವುದಿಲ್ಲ, ಬರಿಯ ನಾರು ಇರುತ್ತದೆ ಎಂಬುದು ಅವಳ ಮಾತಿನ ತಾತ್ಪರ್ಯ. ಮನೆಯಲ್ಲಿ ತಾಯಿಯೊಡನೆ ಹಣ್ಣು ಬಿಡಿಸುವಾಗ ಅವಳು ಅದನ್ನು ಕಂಡಿದ್ದಳು.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಹಣ್ಣನ್ನು ಕೊಯ್ದೆವು. ತಗ್ಗಾದ ಬದಿಯಲ್ಲಿ ಅವಳು ಹೇಳಿದಂತೆಯೇ ಬರಿಯ ನಾರು. ಒಟ್ಟು ಸೊಳೆಗಳು 118. ಅವಳಿಗಿಂತ ಹತ್ತಿರದ ಊಹೆ ಮಾಡಿದವರು ಇಬ್ಬರಿದ್ದರು. ಕೇಳಿದರೆ, ‘ಸುಮ್ಮನೆ ಬರೆದದ್ದು ಸಾರ್’ ಎಂದರು. ಕಾರಣ ಹೇಳಿದವಳು ಇವಳೊಬ್ಬಳೇ. ಹಲಸು ಒಂದು ಹೂವಿನ ಹಣ್ಣಲ್ಲ. ನೂರಾರು ಚಿಕ್ಕ ಹೂಗಳು ಕೂಡಿ ಆದ ಹಣ್ಣು. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಪರಾಗ ಮುಟ್ಟಿದ ಹೂವು ಸೊಳೆಯಾಗುತ್ತದೆ. ಮುಟ್ಟದ ಹೂವು ನಾರಾಗಿ ಉಳಿಯುತ್ತದೆ. ಅಂಥ ಹೂಗಳು ಒಂದೇ ಕಡೆ ಹೆಚ್ಚಾದರೆ ಹಣ್ಣು ಅಲ್ಲಿ ತಗ್ಗುತ್ತದೆ. ಆ ದಿನದ ವಿಜ್ಞಾನ ಪಾಠಕ್ಕೆ ಅವಳೇ ಪೀಠಿಕೆ ಹಾಕಿದ್ದಳು. ಅವಳ ಮಾತನ್ನು ಕನ್ನಡದಲ್ಲಿ ಕರಿಹಲಗೆಯ ಮೇಲೆ ಬರೆದು, ಅವಳಿಂದಲೇ ಓದಿಸಿದೆವು. ಬಳಿಕ ಎಲ್ಲರೂ ಸೊಳೆಗಳನ್ನು ಹಂಚಿಕೊಂಡು ತಿಂದರು. ತಪ್ಪಿದವರಿಗೂ ಪಾಲು ಸಮನಾಗಿಯೇ ಸಿಕ್ಕಿತು. ಮರುದಿನ ಹಣ್ಣಿರಲಿಲ್ಲ, ಪ್ರಶ್ನೆಗೆ ಕೈಗಳು ಮಾತ್ರ ಎದ್ದವು. ಅವುಗಳಲ್ಲಿ ಕೊನೆಯ ಬೆಂಚಿನ ಕೈಯೂ ಒಂದು.

ಜೂಜಿನ ಶಂಕೆ

‘ಊಹೆಗೆ ತಿನಿಸು ಸೇರಿದರೆ ಅದು ಜೂಜಲ್ಲವೇ?’ ಎಂದು ಕೆಲವು ಪೋಷಕರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಳೆದುಕೊಳ್ಳುವ ಪಣವಿದ್ದರೆ ಅದು ಜೂಜು. ಸರಿಬೆಸ ಆಟದಲ್ಲಿ ಸೋತವನು ತನ್ನ ಬೀಜಗಳನ್ನು ತೆರುವ ಪದ್ಧತಿ ಉಂಟು. ಶಾಲೆಯಲ್ಲಿ ಅದನ್ನು ನಾವು ಬಿಟ್ಟಿದ್ದೇವೆ. ಅಲ್ಲದೆ ಒಂದು ಮುಷ್ಟಿಯ ಸರಿಬೆಸವನ್ನು ನೂರು ಸಲ ಆಡಿಸಿ ಲೆಕ್ಕ ಬರೆಯಿಸಿದರೆ, ತರಗತಿಯ ಮೊದಲಿಗನೂ ಕೊನೆಯವನೂ ಸುಮಾರು ಅರ್ಧದಷ್ಟೇ ಗೆಲ್ಲುವುದು ಕಾಣುತ್ತದೆ. ಅದೃಷ್ಟದ ಆಟದಲ್ಲಿ ಜಾಣ್ಮೆ ನಡೆಯದೆಂದು ಮಗು ಸ್ವತಃ ಎಣಿಸಿ ತಿಳಿಯುವುದು ಉಪದೇಶಕ್ಕಿಂತ ಮೇಲು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಮಾಡಬೇಕಾಗಿ ಬಂದಿತೆಂಬುದನ್ನು ನೆನೆದರೆ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ.

ನಳನ ಕಥೆ ಇಲ್ಲಿಯೂ ನೆರವಿಗೆ ಬರುತ್ತದೆ. ತಾರೆಯ ಕಾಯಿಗಳು ಪೂರ್ವಕಾಲದಲ್ಲಿ ಜೂಜಿನ ದಾಳಗಳಾಗಿದ್ದವು. ಕಾಯಿಗಳನ್ನೆಣಿಸಿ, ಋತುಪರ್ಣನಿಂದ ಗಣನೆಯ ರಹಸ್ಯವನ್ನು ಕಲಿತೊಡನೆ ನಳನನ್ನು ಹಿಡಿದಿದ್ದ ಕಲಿಯು ಅವನ ಮೈಯಿಂದ ಹೊರಬಿದ್ದು ಅದೇ ಮರವನ್ನು ಸೇರಿದನು. ಲೆಕ್ಕ ಬಲ್ಲವನನ್ನು ಜೂಜು ಬಿಟ್ಟುಹೋಗುತ್ತದೆಂದು ಪೂರ್ವಿಕರು ಅಂದೇ ತಿಳಿದಿದ್ದರು.

ಮನೆಯವರಿಗೆ ಕೆಲವು ಸೂಚನೆಗಳು

ತಂದೆತಾಯಂದಿರು ಈ ಆಟಗಳನ್ನು ಮನೆಯಲ್ಲಿ ಆಡಿಸಬಹುದು. ಅದಕ್ಕೆ ಖರ್ಚಿಲ್ಲ, ದಿನಕ್ಕೆ ಹತ್ತು ನಿಮಿಷ ಸಾಕು. ಅಕ್ಕಿ ಅಳೆಯುವಾಗ, ಅಡಿಕೆ ಹೆಕ್ಕುವಾಗ, ಕಿತ್ತಳೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ ಒಂದು ಪ್ರಶ್ನೆ ಕೇಳಿದರಾಯಿತು.

(ಅ) ಮೊದಲು ಮಗು ಊಹಿಸಲಿ. ಆಮೇಲೆ ನಿಜವನ್ನು ಕೂಡಿಯೇ ನೋಡಿರಿ. ಎಣಿಸದೆ ಬಿಟ್ಟ ಊಹೆ ಅರ್ಧ ಪಾಠ.

(ಆ) ‘ಏಕೆ ಹಾಗೆ ತೋರಿತು?’ ಎಂದು ತಪ್ಪದೆ ಕೇಳಿರಿ. ಮನೆಯ ಮಾತಿನಲ್ಲಿಯೇ ಉತ್ತರ ಬರಲಿ.

(ಇ) ತಪ್ಪಿದಾಗ ನಗಬೇಡಿರಿ. ಅಣ್ಣನೊಡನೆಯೋ ನೆರೆಮನೆಯ ಮಗುವಿನೊಡನೆಯೋ ಹೋಲಿಸಬೇಡಿರಿ. ನೀವೂ ಊಹಿಸಿ, ನೀವೂ ತಪ್ಪಿರಿ.

(ಈ) ‘ಇದನ್ನು ಹೇಳಿದರೆ ಇದನ್ನು ಕೊಡುತ್ತೇನೆ’ ಎಂಬ ಕರಾರು ಬೇಡ. ಎಣಿಸಿದ ವಸ್ತುವೇ ತಿನಿಸಾಗಲಿ. ಆಟ ಮುಗಿದ ಮೇಲೆ ಎಲ್ಲರೂ ಹಂಚಿಕೊಂಡು ತಿನ್ನಲಿ.

(ಉ) ಸಕ್ಕರೆಯ ಮಿಠಾಯಿಗಿಂತ ಹಣ್ಣು, ಕಡಲೆ, ಅವಲಕ್ಕಿ ಒಳ್ಳೆಯವು. ದಿನದ ಆಹಾರಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆ, ಗೇರುಬೀಜ, ಹುಣಸೆಬೀಜಗಳನ್ನು ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ನೆಲಗಡಲೆ ಒಗ್ಗದ ಮಕ್ಕಳೂ ಇರುವರಾದುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಆಟದಿಂದಲೇ ಎಲ್ಲವನ್ನೂ ಕಲಿಸಬಹುದೆಂದು ನಾವು ಹೇಳುತ್ತಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಲೇಬೇಕು, ಕಾಗುಣಿತವನ್ನು ತಿದ್ದಲೇಬೇಕು. ಆದರೆ ಬಾಯಿ ತೆರೆಯಲು ಅಂಜುವ ಮಗುವಿಗೆ ಮಗ್ಗಿಯೂ ಕಾಗುಣಿತವೂ ದೂರವೇ. ನಮ್ಮ ಕನ್ನಡ ಶಾಲೆಯ ಅಂಗಳಕ್ಕೆ ಬಂದ ಒಂದೊಂದು ಮಗುವೂ, ಅದರ ಮನೆಯ ಮಾತು ಯಾವುದೇ ಇರಲಿ, ಅಂಜದೆ ಒಂದು ಮಾತನ್ನಾಡಿ, ತಪ್ಪಿದರೆ ತಿದ್ದಿಕೊಂಡು, ಮತ್ತೊಮ್ಮೆ ಕೈಯೆತ್ತುವಂತಾಗಬೇಕು. ಈ ಲೇಖನದ ಆಶಯ ಅಷ್ಟೇ.

ಅಭ್ಯಾಸ

ವಿದ್ಯಾರ್ಥಿಗಳು ಮನೆಯವರೊಡನೆ ಕೂ‌ಡಿ ಮಾಡಲಿ:

1. ಮೂವರು ಮುಷ್ಟಿ ಹಿಡಿದಿದ್ದಾರೆ. ಮೂವರಲ್ಲಿಯೂ ಬೆಸ. ಕೂಡಿದರೆ ಸರಿಯೋ ಬೆಸವೋ?

2. 1ರಿಂದ 200ರೊಳಗಿನ ಸಂಖ್ಯೆಯನ್ನು ಕಂಡುಹಿಡಿಯಲು ಎಷ್ಟು ಪ್ರಶ್ನೆಗಳು ಬೇಕು?

3. ಒಂದು ಸೇರು ಅಕ್ಕಿಯಲ್ಲಿ ಎಷ್ಟು ಕಾಳುಗಳಿವೆ? ಎಲ್ಲವನ್ನೂ ಎಣಿಸದೆ ತಿಳಿಯುವ ಉಪಾಯವೇನು?

4. ನಿಮ್ಮ ಹಿತ್ತಿಲಿನ ಒಂದು ಮರದ ಮೇಲೆ ನೀವೇ ಒಂದು ಒಗಟು ಕಟ್ಟಿರಿ.

ಉತ್ತರಗಳನ್ನು ನಾವು ಇಲ್ಲಿ ಕೊಟ್ಟಿಲ್ಲ. ಮೊದಲು ಊಹಿಸಿರಿ, ಬಳಿಕ ಎಣಿಸಿ ನೋಡಿರಿ.